ಕರೆಂಟ್ ವಾರ್ಡಿನ ಮುಂದೆ ನಲವತ್ತು ಬೈಕು

ಕ್ಯಾನ್ಸರ್ ವಿಭಾಗಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಈಗಲೂ ಆಗಾಗ ಹರಿಹರದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಅಷ್ಟು ವರ್ಷ ಅಲ್ಲಿ ಹೆಂಗೆ ತಡಕೊಂಡ್ರಿ ಸಿಸ್ಟರ್?" ಎಂದು ಕೇಳುತ್ತಾರೆ. ತಾಳ್ಮೆ, ಕರುಣೆ, ದೇವರ ದಯೆ ಎಂಬಂಥ ಉತ್ತರ ಬರುತ್ತದೆಂದು ಕಾದಿರುತ್ತಾರೆ. ನನ್ನನ್ನು ಅಲ್ಲಿ ಉಳಿಸಿದ್ದು ಸಿಟ್ಟು. ಹಾಗೆಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದಾವಣಗೆರೆಯ ಒಂದು ಆಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ದಿನವೂ ಬೆಳಿಗ್ಗೆ ಹರಿಹರದಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ನಮ್ಮ ಜನ ರೇಡಿಯೇಷನ್ನಿಗೆ 'ಕರೆಂಟ್ ಕೊಡಿಸೋದು' ಎನ್ನುತ್ತಾರೆ, ನಮ್ಮ ವಿಭಾಗಕ್ಕೆ ಕರೆಂಟ್ ವಾರ್ಡ್. ರೋಗಿಯ ಮೈಮೇಲೆ ಬಣ್ಣದ ಶಾಯಿಯಲ್ಲಿ ಗೆರೆ ಎಳೆದಿರುತ್ತೇವೆ. ಮೇಜಿನ ಮೇಲೆ ಅಲುಗಾಡದೆ ಮಲಗಬೇಕು. ಯಂತ್ರ ಆ ಗೆರೆಯ ಒಳಗೆ ಕೆಲವು ನಿಮಿಷ ಕಿರಣ ಬಿಡುತ್ತದೆ. ಎದ್ದು ಮನೆಗೆ ಹೋಗಬಹುದು. ಕೇಳಲು ಸುಲಭ. ಆದರೆ ವಾರಕ್ಕೆ ಐದು ದಿನದಂತೆ ಐದಾರು ವಾರ ತಪ್ಪದೆ ಬರಬೇಕು. ನಡುವೆ ದಿನಗಳು ತಪ್ಪುತ್ತ ಹೋದರೆ ಹಿಂದೆ ಕೊಟ್ಟದ್ದರ ಬಲವೂ ಕುಗ್ಗುತ್ತದೆ.

ನಾನು ಸೇರಿದಾಗ ಹಳೆಯ ಕೋಬಾಲ್ಟ್ ಯಂತ್ರವಿತ್ತು. ಆಮೇಲೆ ಕಂಪ್ಯೂಟರಿನದು ಬಂತು. ಗಂಟಲಿನ ರೋಗಿಗಳಿಗೆ ಮುಖದ ಅಚ್ಚು ತೆಗೆದು ಬಲೆಯಂಥ ಮುಖವಾಡ ಮಾಡುವುದು ಬಂತು. ಕಿರಣ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಹೋಗದಂತೆ ನೋಡುವ ವಿದ್ಯೆ ಬಂತು. ಆದರೆ ರೋಗಿ ತನ್ನ ಊರಿನಿಂದ ಆ ಮೇಜಿನವರೆಗೆ ದಿನಾ ಹೇಗೆ ಬಂದು ಮುಟ್ಟುತ್ತಾನೆ ಎಂಬ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಯಾರಾದರೂ ಬರುವುದನ್ನು ನಿಲ್ಲಿಸಿದರೆ ಫೈಲಿನ ಮೇಲೆ 'ಡಿಫಾಲ್ಟರ್' ಎಂದು ಬರೆಯುತ್ತಿದ್ದೆವು. ಬ್ಯಾಂಕಿಗೆ ಮೋಸ ಮಾಡಿದವನಿಗೆ ಅನ್ನುವ ಮಾತನ್ನು ಕ್ಯಾನ್ಸರಾದವನಿಗೆ ಅಂದೆವು. ನನ್ನ ದುಂಡು ಅಕ್ಷರದಲ್ಲಿ ಎಷ್ಟು ಫೈಲಿನ ಮೇಲೆ ಬರೆದಿದ್ದೇನೋ.

ಗುತ್ತೂರಿನ ಕಡೆಯ ಒಬ್ಬ ಹಮಾಲಿ ಇದ್ದ, ಪರಸಪ್ಪ ಎಂದಿಟ್ಟುಕೊಳ್ಳಿ. ಗಂಟಲಿನ ಕ್ಯಾನ್ಸರ್. ಒಂದು ದಿನ ಅವನು ಬಂದಾಗ ನಾವು ಯಂತ್ರ ಮುಚ್ಚುತ್ತಿದ್ದೆವು. ನಾನು ಬಾಗಿಲಲ್ಲೇ ನಿಲ್ಲಿಸಿ ಬೈದೆ. "ಟೈಮ್ ಅಂದ್ರೆ ಏನಂತ ಗೊತ್ತೇನ್ರಿ ನಿಮಗೆ? ನಿಮ್ಮ ಸಲುವಾಗಿ ಎಲ್ಲರೂ ಕಾಯ್ಬೇಕಾ?" ಅವನಿಗೆ ಮಾತು ಹೊರಡುತ್ತಿರಲಿಲ್ಲ. ಸುಮ್ಮನೆ ತನ್ನ ಕಾಲು ತೋರಿಸಿದ. ಮೊಣಕಾಲಿನವರೆಗೆ ಧೂಳು. ಅವನಿಗೆ ಅರ್ಥವಾಗಿಲ್ಲ ಎಂದುಕೊಂಡು, "ನಾಳೆ ಬರ್ರಿ" ಎಂದು ಕಳಿಸಿದೆ. ಅವನು ಮರುದಿನವೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಅದೇ ಬಸ್ಸಿನಲ್ಲಿದ್ದ ಇನ್ನೊಬ್ಬ ರೋಗಿ ನಂತರ ಹೇಳಿದಳು. ಪರಸಪ್ಪ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದನಂತೆ. ಜೊಲ್ಲಿನ ವಾಸನೆ ತಡೆಯಲಾಗದು ಎಂದು ಜನ ಗದ್ದಲ ಮಾಡಿ, ದಾವಣಗೆರೆ ಇನ್ನೂ ದೂರವಿರುವಾಗಲೇ ದೊಡ್ಡಬಾತಿಯ ಹತ್ತಿರ ಇಳಿಸಿದರಂತೆ. ಅಲ್ಲಿಂದ ಆಸ್ಪತ್ರೆಯವರೆಗೆ ಅವನು ನಡೆದು ಬಂದಿದ್ದ. ಯಂತ್ರವನ್ನು ಮತ್ತೆ ಚಾಲೂ ಮಾಡಲು ನಮಗೆ ಬೇಕಾಗಿದ್ದದ್ದು ಹತ್ತು ನಿಮಿಷ.

ಬಸ್ಸಿನವರ ಮೇಲೆ ಎಷ್ಟೋ ದಿನ ಕುದಿಯುತ್ತಿದ್ದೆ. ಆ ಫೈಲಿನ ಮೇಲೆ ಡಿಫಾಲ್ಟರ್ ಎಂದು ಬರೆದ ಕೈ ನನ್ನದೇ ಎಂಬುದು ನೆನಪಾದಾಗ ಯಾರ ಮೇಲೆ ಕುದಿಯಬೇಕೋ ತಿಳಿಯುತ್ತಿರಲಿಲ್ಲ.

ಈಗ ಬೈಕಿನವರ ವಿಷಯಕ್ಕೆ ಬರುತ್ತೇನೆ.

ಕ್ಯಾನ್ಸರ್ ದಿನ ಹತ್ತಿರ ಬಂದಿತ್ತು. ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ನನ್ನನ್ನು ಕರೆದು, ಬೈಕ್ ಸವಾರರ ಒಂದು ಕ್ಲಬ್ಬಿನವರು ರೋಗಿಗಳಿಗೆ ಧೈರ್ಯ ತುಂಬಲು ಹರಿಹರದಿಂದ ರ‍್ಯಾಲಿ ಬರುತ್ತಾರೆ, ಎಲ್ಲ ರೋಗಿಗಳನ್ನೂ ಪೋರ್ಟಿಕೋದಲ್ಲಿ ಸಾಲಾಗಿ ನಿಲ್ಲಿಸಬೇಕು ಎಂದರು. ಹತ್ತು ಗಂಟೆಗೆಂದು ಹೇಳಿದವರು ಬಂದದ್ದು ಹನ್ನೊಂದೂವರೆಗೆ. ಅಷ್ಟು ಹೊತ್ತೂ ಯಂತ್ರ ಖಾಲಿ. ನಡೆಸುವ ಟೆಕ್ನಿಷಿಯನ್ನನ್ನೂ ಹೂಗುಚ್ಛ ಹಿಡಿಸಿ ನಿಲ್ಲಿಸಿದ್ದರು. ಆಮೇಲೆ ನಲವತ್ತು ಬೈಕುಗಳು ಒಟ್ಟಿಗೆ ಕಾಂಪೌಂಡಿನ ಒಳಗೆ ನುಗ್ಗಿದವು. ಆಸ್ಪತ್ರೆಯ ಅಂಗಳದಲ್ಲಿ ಹಾರ್ನ್, ಎಕ್ಸಿಲರೇಟರ್ ತಿರುವಿ ಗುಡುಗಿಸುವುದು, ಹೊಗೆ. ಕೀಮೋ ಹಾಕಿಸಿಕೊಂಡ ಒಬ್ಬ ಮುದುಕ ಆ ಹೊಗೆಗೆ ಅಲ್ಲೇ ಕಂಬ ಹಿಡಿದು ವಾಂತಿ ಮಾಡಿಕೊಂಡ. ಅವನು ಫೋಟೊದಲ್ಲಿ ಬಾರದಂತೆ ಯಾರೋ ಒಬ್ಬರು ಅಡ್ಡ ನಿಂತರು.

ಸಾಲಿನ ಮುಂದೆ ಹನುಮಕ್ಕ ಇದ್ದಳು. ಹೆಸರು ಬದಲಿಸಿದ್ದೇನೆ. ಊರಿನ ಹೆಸರನ್ನೂ ಬರೆಯುವುದಿಲ್ಲ. ಭಾನುವಳ್ಳಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ ಎಂದರೆ ಸಾಕು. ಅವಳನ್ನು ಒಮ್ಮೆ ಊರಿಗೆಲ್ಲ ತೋರಿಸಿದ ಪಾಪ ನನ್ನ ಮೇಲಿದೆ. ನಲವತ್ತೈದರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಎಡ ಸ್ತನದ ಆಪರೇಷನ್ ಆಗಿತ್ತು, ಕೀಮೋ ಮುಗಿದಿತ್ತು, ತಲೆಕೂದಲು ಇನ್ನೂ ಬಂದಿರಲಿಲ್ಲ. ಕರೆಂಟ್ ಒಂಬತ್ತು ದಿನ ಆಗಿತ್ತು. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರಿಗೆ ಮುಡಿ ಕೊಟ್ಟಿದ್ದೇನೆ ಎಂದು ಹೇಳಿದ್ದಳು. ಸೊಂಟನೋವಿಗೆ ದಾವಣಗೆರೆಗೆ ಹೋಗಿ ಬರುತ್ತೇನೆ ಎಂದು ಅಡುಗೆ ಕೆಲಸವನ್ನು ನಾದಿನಿಗೆ ಒಪ್ಪಿಸಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ನನಗೊಬ್ಬಳಿಗೇ ಹೇಳಿದ್ದಳು.

ಕ್ಲಬ್ಬಿನ ಅಧ್ಯಕ್ಷ ಹಣ್ಣಿನ ಬುಟ್ಟಿ ಹಿಡಿದು ಅವಳ ಮುಂದೆ ನಿಂತ. ಫೋಟೊ ತೆಗೆಯುವವನು, "ಸಿಸ್ಟರ್, ಪೇಷಂಟ್ ಅಂತ ಗೊತ್ತಾಗವಲ್ದು. ಸೆರಗು ಸ್ವಲ್ಪ ಸರಿಸ್ತೀರಾ?" ಎಂದ. ಸಾಹೇಬರು ನನ್ನ ಕಡೆ ನೋಡಿ ಬೇಗ ಬೇಗ ಎಂಬಂತೆ ಕೈ ಮಾಡಿದರು. ನಾನು ಹನುಮಕ್ಕನ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕ್ಯಾಮೆರಾ ಕಡೆ ನೋಡುತ್ತಿದ್ದೆ.

ಬರೆಯಲು ನನಗೆ ಇದಕ್ಕಿಂತ ಕಷ್ಟವಾದದ್ದು ಇಡೀ ನನ್ನ ನೌಕರಿಯಲ್ಲಿ ಬೇರೊಂದಿಲ್ಲ.

ವಾರ ಕಳೆಯುವುದರೊಳಗೆ ಹರಿಹರದ ಬಸ್‌ಸ್ಟ್ಯಾಂಡಿನ ಎದುರು ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಬೆಳಿಗ್ಗೆ ಬಸ್ಸಿಗೆ ಹೋದಾಗ ನೋಡಿದೆ. 'ನಿಮ್ಮ ಜೊತೆ ನಾವಿದ್ದೇವೆ' ಎಂಬ ಬರಹ, ಎರಡೂ ಕಡೆ ಬೈಕುಗಳು, ನಡುವೆ ಬೋಳುತಲೆಯ ಹನುಮಕ್ಕ. ಅವಳ ಊರಿನ ಬಸ್ಸು ನಿಲ್ಲುವುದೂ ಅಲ್ಲೇ. ಆ ದಿನ ಹನುಮಕ್ಕ ಆಸ್ಪತ್ರೆಗೆ ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಸ್ವಿಚ್ ಆಫ್. ಟೆಕ್ನಿಷಿಯನ್ ಅವಳ ಫೈಲ್ ತಂದು ಮೇಜಿನ ಮೇಲಿಟ್ಟು, "ಸಿಸ್ಟರ್, ಡಿಫಾಲ್ಟರ್ ಅಂತ ಬರೀಲಾ?" ಎಂದ. ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ.

ಆ ಕ್ಲಬ್ಬಿನ ಅಧ್ಯಕ್ಷನಿಗೆ ದಾವಣಗೆರೆಯಲ್ಲೇ ಟೈರಿನ ಅಂಗಡಿ ಇತ್ತು. ಡ್ಯೂಟಿ ಮುಗಿಸಿ ಸೀದಾ ಅಲ್ಲಿಗೆ ಹೋದೆ. ಅವನು ಕುರ್ಚಿ ಹಾಕಿಸಿದ. ನಾನು ಕೂರಲಿಲ್ಲ.

"ಆ ಫ್ಲೆಕ್ಸ್ ಇವತ್ತೇ ಇಳಿಸ್ಬೇಕು" ಎಂದೆ.

"ಯಾಕ್ರಿ ಅಕ್ಕಾರೆ? ಜನಕ್ಕ ಅರಿವು ಮೂಡ್ಲಿ ಅಂತ ಅಲ್ವಾ ಹಾಕಿರೋದು."

"ಆ ಹೆಂಗಸಿನ್ನ ಕೇಳಿದ್ರೇನು?"

"ನಿಮ್ಮ ಸಾಹೇಬ್ರು ಪರ್ಮಿಷನ್ ಕೊಟ್ಟಾರ. ಅಲ್ಲದ ಅವತ್ತು ನೀವೇ ಮುಂದ ನಿಂತು ಎಲ್ಲಾ ಮಾಡಿಸಿದ್ರಿ."

ಅವನು ಮಾತು ಮುಂದುವರಿಸಿದ. "ನಾವು ಒಂದು ಒಳ್ಳೆ ಕೆಲ್ಸ ಮಾಡಾಕ ಬಂದ್ರ ಹಿಂಗೆ ಜಗಳ ತೆಗೀತೀರಿ. ಮುಂದ ಯಾರು ಬರ್ತಾರ ಹೇಳ್ರಿ."

"ಬರ್ಬ್ಯಾಡ್ರಿ" ಎಂದೆ. "ನಲವತ್ತು ಗಾಡಿ ತಂದ್ರಿ. ಅಲ್ಲಿ ನಿಂತಿದ್ದ ಒಬ್ಬರನ್ನಾದ್ರೂ ವಾಪಸ್ ಮನೀಗೆ ಬಿಟ್ರೇನು? ಅವತ್ತು ನಿಮ್ಮ ಭಾಷಣ ಮುಗಿಯೋ ಹೊತ್ತಿಗೆ ಹಳ್ಳಿ ಬಸ್ಸು ಹೋಗಿತ್ತು. ಎಷ್ಟು ಜನ ಸ್ಟ್ಯಾಂಡಿನಾಗ ಕೂತಿದ್ರು, ನೋಡಿದ್ರೇನು?"

ಅವನು ಮೊಬೈಲ್ ತೆಗೆದು ಯಾರಿಗೋ ಫೋನ್ ಹಚ್ಚಿದ. ನಾನು ಹೊರಗೆ ಬಂದೆ. ಹಿಂದೆಯೇ ಒಬ್ಬ ಬಂದ. ಮೂವತ್ತೈದರ ಆಳು, ಕೈಗೆ ಗ್ರೀಸ್ ಮೆತ್ತಿತ್ತು. ಟೈರ್ ಬದಲಿಸಲು ಬಂದು ಒಳಗೆ ಕೂತಿದ್ದವನು.

"ಸಿಸ್ಟರ್, ಒಂದು ನಿಮಿಷ. ನನ್ನ ಹೆಸರು ನಾಗರಾಜ. ಗುತ್ತೂರಿನ ಹತ್ರ ಫ್ಯಾಕ್ಟರಿಯಾಗ ಲೇತ್ ಮಷಿನ್ ನಡೆಸೋ ಟರ್ನರ್ ಅದೀನಿ" ಎಂದ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, "ನಾನೂ ಕ್ಲಬ್ಬಿನೋನೇ. ಆ ಫೋಟೊ ತೆಗೆದೋನು ನಾನೇ" ಎಂದ.

ಅವತ್ತು ಕ್ಯಾಮೆರಾದ ಹಿಂದಿನ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅವನ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಆದರೆ ಸೆರಗು ಸರಿಸಿದ ನಾನು ಯಾವ ಕೈಯಿಂದ ಹೊಡೆಯಲಿ? "ಹಂಗಾದ್ರೆ ನಡಿ" ಎಂದೆ. ಅವನ ಬೈಕಿನ ಹಿಂದೆ ಸೀರೆ ಮಡಚಿಕೊಂಡು ಒಂದೇ ಕಡೆ ಕಾಲು ಹಾಕಿ ಕೂತೆ. ಐವತ್ತು ದಾಟಿದ ಮೇಲೆ ಮೊದಲ ಸಲ ಅಂಥ ಗಾಡಿ ಹತ್ತಿದ್ದು. ಹರಿಹರ ಮುಟ್ಟಿದೊಡನೆ ಅವನು ಬಸ್‌ಸ್ಟ್ಯಾಂಡಿನ ಎದುರಿನ ಕಂಬ ಹತ್ತಿ ಬ್ಲೇಡಿನಿಂದ ಹಗ್ಗ ಕೊಯ್ದ. ಫ್ಲೆಕ್ಸ್ ಕೆಳಗೆ ಬಿತ್ತು. ಹನುಮಕ್ಕನ ಮುಖ ಒಳಗೆ ಬರುವಂತೆ ಸುತ್ತಿದೆವು. ಸ್ಟ್ಯಾಂಡಿನ ಜನ ನೋಡುತ್ತ ನಿಂತಿದ್ದರು.

ಆ ವಾರದ ಭಾನುವಾರವೇ ಹನುಮಕ್ಕನ ಊರಿಗೆ ಹೋದೆವು. ಕಾಲುವೆಯ ಏರಿ ಮೇಲಿನ ದಾರಿ, ಎರಡೂ ಕಡೆ ಭತ್ತದ ಗದ್ದೆ. ಹನುಮಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ. ನಾನೇ ಕಟ್ಟೆಯ ಮೇಲೆ ಕೂತೆ.

"ಕೆಲ್ಸದಿಂದ ಬಿಡಿಸಿದ್ರು" ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ಹುಡುಗರಿಗೆ ಅಂಟ್ತೈತಂತೆ. ನನ್ನ ಕೈ ಊಟ ಉಂಡು ಬೆಳೆದ ಹುಡುಗರ ಅಪ್ಪಂದಿರೇ ಬಂದು ಹೇಳಿದ್ರು. ಬೋರಿನ ಹತ್ರ ಹೋದ್ರೆ ಕೊಡ ದೂರ ಸರಿಸ್ತಾರ."

"ಅದು ಅಂಟೋ ರೋಗ ಅಲ್ಲ ಹನುಮಕ್ಕ. ಡಾಕ್ಟರ್ ಹತ್ರ ಬರೆಸ್ಕೊಂಡು ಬರ್ತೀನಿ."

"ನಂಗೆ ಗೊತ್ತೈತೆ. ನಿಮಗೂ ಗೊತ್ತಿತ್ತು, ನಾನು ಊರಾಗ ಹೇಳಿಲ್ಲ ಅಂತ. ಆದ್ರೂ ಸೆರಗು ಎಳದ್ರಿ."

"ತಪ್ಪಾತು" ಎಂದೆ.

"ಆತು. ಏನು ಮಾಡ್ಲಿ ಅದನ್ನ ತಗೊಂಡು?"

ನಾಗರಾಜ ಗಾಡಿಯ ಹತ್ತಿರ ನಿಂತಿದ್ದ. ಮುಂದೆ ಬಂದು, ಫೋಟೊ ತೆಗೆದದ್ದು ತಾನು ಎಂದು ಅವಳಿಗೂ ಹೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಮನ್ಯಾಗ ಹೆಣ್ಣಮಕ್ಳು ಇಲ್ಲೇನಪ್ಪ?" ಎಂದಳು.

ಆಮೇಲೆ ಮಾತು ಕರೆಂಟಿನ ಮೇಲೆ ಬಂತು. ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳಿಗೆ ಬರಲು ಮನಸ್ಸಿತ್ತು. ಆದರೆ ಬಸ್ಸು ಹತ್ತಲಾರೆ ಎಂದಳು. "ಬಸ್ಸಿನಾಗ ನನ್ನ ಪಕ್ಕ ಯಾರೂ ಕೂಡವಲ್ರು. ಅಷ್ಟು ರಶ್ ಇದ್ರೂ ಸೀಟು ಖಾಲಿ. ನಿಂತ್ಕೊಂಡೇ ಬರ್ತಾರ." ನಾಗರಾಜ ತಾನು ದಿನಾ ಕರೆದುಕೊಂಡು ಹೋಗುತ್ತೇನೆ ಎಂದ. "ನಿನ್ನ ಹಿಂದ ಕೂತು ಹೋದ್ರೆ ಊರು ಇನ್ನೊಂದು ಮಾತು ಹುಟ್ಟಸ್ತೈತೆ, ಬ್ಯಾಡ" ಎಂದಳು. ಅದೂ ನಿಜವೇ. ಅವನು ಗಾಡಿಯ ಹತ್ತಿರ ಹೋಗಿ ಫೋನಿನಲ್ಲಿ ಮಾತಾಡಿ ಬಂದ. "ನಮ್ಮ ಮನೆಯೋಳು ಶಶಿಕಲಾ ಅಂತ, ಸ್ಕೂಟಿ ಓಡಿಸ್ತಾಳ. ನಾಳೆ ಬೆಳಿಗ್ಗೆ ಎಂಟಕ್ಕ ಇಲ್ಲಿರ್ತಾಳ" ಎಂದ.

ಕ್ಲಬ್ಬಿನ ಯಾವ ಬ್ಯಾನರಿನಲ್ಲೂ ಸ್ಕೂಟಿ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಗಾಡಿಯೇ ಅಲ್ಲ. ಆದರೆ ಹನುಮಕ್ಕನನ್ನು ಕರೆಂಟ್ ವಾರ್ಡಿಗೆ ವಾಪಸ್ಸು ತಂದದ್ದು ಆ ಸ್ಕೂಟಿ.

ಸೋಮವಾರ ಅವಳನ್ನು ಮೇಜಿನ ಮೇಲೆ ಮಲಗಿಸಿದಾಗ ಎದೆಯ ಮೇಲಿನ ಗೆರೆಗಳು ಇರಲಿಲ್ಲ. ಸೋಪು ಹಾಕಿ, ಕಲ್ಲಿನಿಂದ ಉಜ್ಜಿ ತೆಗೆದಿದ್ದಳು. ಬೆಂದು ಕೆಂಪಾಗಿದ್ದ ಚರ್ಮ ಅಲ್ಲಲ್ಲಿ ಕಿತ್ತಿತ್ತು. ಡಾಕ್ಟರು ಮತ್ತೆ ಗೆರೆ ಎಳೆದು, ತಪ್ಪಿದ ದಿನಗಳನ್ನು ಸರಿದೂಗಿಸಲು ಹೊಸದಾಗಿ ಲೆಕ್ಕ ಹಾಕಬೇಕಾಯಿತು. "ಗ್ಯಾಪ್ ಬಿದ್ದಿದೆ ಸಿಸ್ಟರ್. ಪೂರ್ತಿ ಸರಿ ಹೋಗುತ್ತೆ ಅಂತ ಹೇಳೋಕಾಗಲ್ಲ" ಎಂದರು.

ಶಶಿಕಲಾ ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಹನುಮಕ್ಕನ ಬ್ಲೌಸು ಸುಟ್ಟ ಚರ್ಮಕ್ಕೆ ಉಜ್ಜುವುದನ್ನು ಮೊದಲ ದಿನವೇ ಗಮನಿಸಿದಳು. ಮೂರನೇ ದಿನ ಹಳೆಯ ಮೆತ್ತನೆ ಹತ್ತಿಬಟ್ಟೆಯಲ್ಲಿ ಕಂಕುಳು ಸಡಿಲ ಬಿಟ್ಟು, ಹುಕ್ಕಿನ ಬದಲು ಕಟ್ಟಿಕೊಳ್ಳುವ ಕಸೆ ಇಟ್ಟ ಒಂದು ಬ್ಲೌಸ್ ಹೊಲಿದು ತಂದಳು. ನಾವು ಇಷ್ಟು ವರ್ಷ ಹೆಂಗಸರಿಗೆ 'ಸಡಿಲ ಬಟ್ಟೆ ಹಾಕ್ಕೊಳ್ರಿ' ಎಂದು ಬಾಯಿಮಾತು ಹೇಳಿ ಕಳಿಸುತ್ತಿದ್ದೆವು. ಅಂಥ ಬಟ್ಟೆ ಅವರಿಗೆ ಎಲ್ಲಿ ಸಿಗುತ್ತದೆ ಎಂದು ಒಬ್ಬರೂ ಯೋಚಿಸಿರಲಿಲ್ಲ. ಆಮೇಲೆ ವಾರ್ಡಿನ ಎಷ್ಟೋ ಹೆಂಗಸರಿಗೆ ಅವಳು ಅದೇ ಅಳತೆಯಲ್ಲಿ ಹೊಲಿದುಕೊಟ್ಟಳು.

ಕರೆಂಟಿಗೆ ಬರುವುದನ್ನು ನಿಲ್ಲಿಸಿದ ರೋಗಿಗಳ ಪಟ್ಟಿಯನ್ನು ನಾಗರಾಜ ಕೇಳಿದ. ನಾನು ಕೊಡಲಿಲ್ಲ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿ, ಹೀಗೊಬ್ಬರು ಮನೆಗೆ ಬರಬಹುದೇ ಎಂದು ಕೇಳಿ, ಒಪ್ಪಿದವರ ಹೆಸರು ಮಾತ್ರ ಕೊಟ್ಟೆ. ಅವನು ಕ್ಲಬ್ಬಿನಲ್ಲಿ ಮಾತೆತ್ತಿದ. ನಲವತ್ತು ಬೈಕುಗಳಲ್ಲಿ ಏಳು ಬಂದವು. ಉಳಿದವರಿಗೆ ಬಿಡುವಿರಲಿಲ್ಲ, ಗೋವಾ ಟ್ರಿಪ್ಪಿಗೆ ಇತ್ತು. ಆ ಏಳು ಜನರನ್ನು ಕರೆಂಟ್ ವಾರ್ಡಿನ ಬೆಂಚಿನ ಮೇಲೆ ಕೂರಿಸಿ ಹೇಳಿದೆ. ಟೀ-ಶರ್ಟ್ ಇಲ್ಲ, ಸ್ಟಿಕ್ಕರ್ ಇಲ್ಲ, ಮೊಬೈಲ್ ಕಿಸೆಯಿಂದ ಹೊರಗೆ ತೆಗೆಯುವಂತಿಲ್ಲ. ರೋಗಿಯ ಮನೆಗಿಂತ ಒಂದು ತಿರುವು ಹಿಂದೆ ನಿಲ್ಲಿಸಬೇಕು. ಹೆಂಗಸರಿಗೆ ಶಶಿಕಲಾ ಮತ್ತು ಅವಳ ಗೆಳತಿಯರು. ಸೀಟಿನ ಮೇಲೆ ಮಡಚಿದ ಕೌದಿ ಹಾಕಬೇಕು, ಹಂಪ್ ಬಂದರೆ ಕಾಲೂರಿ ದಾಟಿಸಬೇಕು.

ಅವರಿಗೂ ನನಗೂ ಗೊತ್ತಿಲ್ಲದ್ದು ಬಹಳ ಇತ್ತು. ಗಂಟಲಿಗೆ ಕರೆಂಟ್ ಕೊಟ್ಟವರ ಕುತ್ತಿಗೆ ಸುಟ್ಟು ಸಿಪ್ಪೆ ಏಳುತ್ತದೆ, ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಆಗುವುದಿಲ್ಲ. ಒಬ್ಬ ಸವಾರನನ್ನು ಟ್ರಾಫಿಕ್ ಪೊಲೀಸ್ ತಡೆದಾಗ ಹಿಂದೆ ಕೂತಿದ್ದ ರೋಗಿ ಶಾಲು ಸರಿಸಿ ಕುತ್ತಿಗೆ ತೋರಿಸಿದನಂತೆ. ಪೊಲೀಸಪ್ಪ ತಾನೇ ಸಿಗ್ನಲ್ ದಾಟಿಸಿ ಕಳಿಸಿದನಂತೆ. ಆದರೆ ಪಟ್ಟಿ ಬಿಗಿಯದ ಹೆಲ್ಮೆಟ್ಟಿನಲ್ಲಿ ಹೈವೇ ಮೇಲೆ ಕರೆದೊಯ್ಯುವುದು ತಪ್ಪು. ಅಂಥವರಿಗೆ ಆಟೋ ಹುಡುಕಿದೆವು.

ನನ್ನ ಇನ್ನೊಂದು ದೊಡ್ಡ ತಪ್ಪು ಇಲ್ಲೇ ಆಯಿತು. ಒಂದು ಸೋಮವಾರ ಬಹಳ ಗದ್ದಲವಿತ್ತು. ವಾಪಸ್ಸು ಹೊರಟ ಒಬ್ಬ ರೋಗಿಯ ಬಿಪಿ ನೋಡದೆ ಕಳಿಸಿದೆ. ಎರಡು ದಿನದಿಂದ ಅವನು ಅನ್ನ ನುಂಗಿರಲಿಲ್ಲ. ಊರ ಹೊರಗೆ ಹೋಗುವಷ್ಟರಲ್ಲಿ ತಲೆ ಸುತ್ತಿ ಬಿದ್ದ. ಗಾಡಿ ನಿಧಾನ ಇದ್ದದ್ದರಿಂದ ಭುಜದ ಮೂಳೆ ಮುರಿಯುವಲ್ಲಿಗೆ ಮುಗಿಯಿತು. ಹೊಸಬರೇ, ಇದನ್ನು ನೆನಪಿಡಿ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಹುರುಪಿನಲ್ಲಿ ಕೈಯಲ್ಲಿರುವ ಕೆಲಸ ತಪ್ಪಬಾರದು. ಬಿಪಿ ನೋಡುವುದು ನನ್ನ ಕೆಲಸವಾಗಿತ್ತು.

ಸಾಹೇಬರು ನನ್ನನ್ನು ಕರೆಸಿದರು. "ಯಾರನ್ನ ಕೇಳಿ ಇದೆಲ್ಲ ಶುರು ಮಾಡಿದ್ರಿ? ನಾಳೆ ಕೇಸ್ ಆದ್ರೆ ಆಸ್ಪತ್ರೆ ಹೆಸರು ಬರುತ್ತೆ. ಇವತ್ತಿಂದ ಆ ಬೈಕುಗಳು ಕಾಂಪೌಂಡ್ ಒಳಗೆ ಬರಬಾರದು."

"ನಲವತ್ತು ಬೈಕು ಒಳಗೆ ಬಂದಾಗ ನೀವೇ ಹೂವು ಕೊಟ್ರಿ ಸರ್."

"ಅದು ಕಾರ್ಯಕ್ರಮ."

"ಬಿದ್ದದ್ದು ನನ್ನ ತಪ್ಪು, ಬರೆದು ಕೊಡ್ತೀನಿ. ಬೈಕು ಬ್ಯಾಡ ಅಂದ್ರೆ ವ್ಯಾನ್ ಕೊಡಿ. ನಮ್ಮ ಹತ್ರ ವ್ಯಾನ್ ಐತೆ."

"ವ್ಯಾನ್ ಬೇರೆ ಕೆಲಸಕ್ಕೆ ಇದೆ."

"ನಿಮ್ಮ ಮನೆ ಮಕ್ಕಳನ್ನ ಶಾಲೆಗೆ ಬಿಡೋ ಕೆಲಸ ಸರ್ ಅದು. ಎಂಟು ವರ್ಷದಿಂದ ನೋಡ್ತಿದೀನಿ."

ಅವರು ಫೈಲ್ ಮುಚ್ಚಿ, "ಹೋಗಿ" ಎಂದರು. ನನ್ನನ್ನು ಮೂರು ತಿಂಗಳು ಸ್ಟೋರಿಗೆ ಹಾಕಿದರು. ಹತ್ತಿ, ಸಿರಿಂಜು, ಬೆಡ್‌ಶೀಟು ಎಣಿಸಿದೆ. ಬೈಕುಗಳು ಗೇಟಿನ ಹೊರಗೆ, ಚಹಾದಂಗಡಿಯ ಪಕ್ಕ ನಿಲ್ಲತೊಡಗಿದವು. ಹೊಟ್ಟೆಗೆ ಕರೆಂಟ್ ಕೊಡಿಸಿಕೊಂಡ ಮುದುಕರು ಹೊಟ್ಟೆ ಹಿಡಿದುಕೊಂಡು, ಉರಿಬಿಸಿಲಿನಲ್ಲಿ ಅಷ್ಟು ದೊಡ್ಡ ಅಂಗಳ ದಾಟಿ ಹೋಗುವುದನ್ನು ಸ್ಟೋರಿನ ಕಿಟಕಿಯಿಂದ ನೋಡುತ್ತಿದ್ದೆ. ಆ ಅಂಗಳದಲ್ಲಿ ಸಾಹೇಬರ ಕಾರಿಗೆ ನೆರಳಿನ ಶೆಡ್ ಇತ್ತು.

ಎರಡು ವರ್ಷದ ನಂತರ ಪತ್ರಿಕೆಯೊಂದರ ಪುರವಣಿಯಲ್ಲಿ ಈ ಸವಾರರ ಬಗ್ಗೆ ಬರಹ ಬಂತು. ಅದು ಬಂದ ವಾರವೇ ಗೇಟು ತೆರೆಯಿತು. ರಿಬ್ಬನ್ ಕಟ್ಟಿದರು. 'ಆಸ್ಪತ್ರೆಯ ಹೆಮ್ಮೆಯ ಯೋಜನೆ' ಎಂದು ಸಾಹೇಬರು ಕತ್ತರಿ ಹಿಡಿದು ನಿಂತರು. ಪಕ್ಕದಲ್ಲಿ ಟೈರಿನ ಅಂಗಡಿಯ ಅಧ್ಯಕ್ಷ. ಆ ಹೊತ್ತಿಗೆ ನಾಗರಾಜ ಫ್ಯಾಕ್ಟರಿಯ ಪಾಳಿ ಮುಗಿಸಿ ಒಬ್ಬ ಮುದುಕನನ್ನು ಊರಿಗೆ ಬಿಡಲು ಹೋಗಿದ್ದ. ಸಂಜೆ ವಿಷಯ ಹೇಳಿದಾಗ ಅವನು, "ಇರ್ಲಿ ಬಿಡ್ರಿ ಸಿಸ್ಟರ್, ಗಾಡಿ ನೆರಳಾಗ ನಿಲ್ತಾವಲ್ಲ" ಎಂದ. ಅವನಿಗೆ ಸಿಟ್ಟು ಬರಲಿಲ್ಲ. ಅವನ ಪಾಲಿನದ್ದನ್ನೂ ನಾನೇ ಮಾಡಿಕೊಂಡೆ. ಇವತ್ತಿಗೂ ಕೇಳುತ್ತೇನೆ, ದುಡಿದು ದಣಿದ ಒಬ್ಬ ಟರ್ನರು ತನ್ನ ನಿದ್ದೆಗೆಟ್ಟು ಮಾಡುವ ಕೆಲಸವನ್ನು ಅಷ್ಟು ದೊಡ್ಡ ಆಸ್ಪತ್ರೆ ಯಾಕೆ ಮಾಡುವುದಿಲ್ಲ? ದಾನಿಗಳನ್ನು ಹೊಗಳಿ ಮುಗಿಸುವವರೆಲ್ಲ ಈ ಪ್ರಶ್ನೆ ಬಂದಾಗ ಗಡಿಯಾರ ನೋಡುತ್ತಾರೆ.

ಹನುಮಕ್ಕನ ಕರೆಂಟ್ ಮುಗಿಯಿತು. ರೋಗ ಅಂಟುವುದಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ನಾನು ಅವಳ ಊರಿನ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕಾಗದ ಓದಿ, "ನನಗೆ ಗೊತ್ತೈತ್ರಿ ಮೇಡಂ. ಊರಿನವರು ಒಪ್ಪಬೇಕಲ್ಲ" ಎಂದು ಮಡಚಿ ವಾಪಸ್ಸು ಕೊಟ್ಟರು. ಎಲ್ಲರಿಗೂ ಗೊತ್ತಿರುತ್ತದೆ. ಕೆಲಸ ಸಿಗಲಿಲ್ಲ. ಶಶಿಕಲಾ ಅವಳನ್ನು ಹರಿಹರದ ಒಂದು ಖಾನಾವಳಿಗೆ ಪರಿಚಯಿಸಿದಳು. ಅಲ್ಲಿ ರೊಟ್ಟಿ ಬಡಿಯುವ ಕೆಲಸ. ಎಡಗೈ ಬಾವು ಬಂದ ದಿನ ಬಲಗೈಯೊಂದರಲ್ಲೇ ಬಡಿಯುತ್ತಾಳಂತೆ. ಬದುಕಿದ್ದಾಳೆ. ತಪಾಸಣೆಗೆ ಬಂದಾಗಲೆಲ್ಲ ಶಶಿಕಲಾಳ ಕೈ ಹಿಡಿದು ಮಾತಾಡುತ್ತಾಳೆ. ನಾಗರಾಜನನ್ನೂ ಈಗ 'ಏನಪ್ಪ' ಎಂದು ಕರೆಯುತ್ತಾಳೆ. ನಾನು ನೌಕರಿಯಲ್ಲಿದ್ದಷ್ಟು ದಿನವೂ ನನ್ನ ಜೊತೆ ಬಿಪಿ, ಮಾತ್ರೆ, ಮುಂದಿನ ತಾರೀಖು, ಅಷ್ಟೇ. ನಾನು ನಿವೃತ್ತಳಾದ ದಿನ ವಾರ್ಡಿನಲ್ಲಿ ರೋಗಿಗಳೆಲ್ಲ ಬಂದು ಮಾತಾಡಿಸಿದರು. ಅವಳು ಬೆಂಚಿನ ಮೇಲೇ ಕೂತಿದ್ದಳು. ಅದು ಅವಳ ಹಕ್ಕು. ಕ್ಷಮಿಸಿದಳು ಎಂದು ಬರೆದು ಈ ಕಥನವನ್ನು ಚಂದ ಮಾಡಲಾರೆ.

ಈ ವರ್ಷದ ಕ್ಯಾನ್ಸರ್ ದಿನ ಮುಗಿದ ಮೂರನೇ ದಿನ ರೇಖಾ ಎಂಬ ನರ್ಸ್ ಮನೆಗೆ ಬಂದಳು. ನನ್ನ ಜಾಗಕ್ಕೆ ಬಂದವಳು, ಸೇರಿ ಇನ್ನೂ ವರ್ಷ ತುಂಬಿಲ್ಲ. ಮುಖ ಬಾಡಿತ್ತು. ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಮೆಮೊ. ಸಾಹೇಬರು ಈಗ ಬೇರೆಯವರು, ಕಾಗದದ ಭಾಷೆ ಅದೇ. ಮತ್ತೆ ರ‍್ಯಾಲಿ ಬಂದಿತ್ತಂತೆ, ಈ ಸಲ ಬೇರೆ ಯಾವುದೋ ಕ್ಲಬ್ಬು. ರೋಗಿಗಳನ್ನು ಹೊರಗೆ ತಂದು ನಿಲ್ಲಿಸು ಎಂದಾಗ ಇವಳು ಒಬ್ಬೊಬ್ಬರನ್ನೂ ಕೇಳಿದಳಂತೆ. ಇಬ್ಬರು ಬರುತ್ತೇವೆ ಎಂದರು. ಅವರನ್ನು ಕಳಿಸಿ, ಉಳಿದವರನ್ನು ಒಳಗಿಟ್ಟುಕೊಂಡು ವಾರ್ಡಿನ ಬಾಗಿಲು ಹಾಕಿದಳಂತೆ. ಹೊರಗೆ ಹಾರ್ನ್ ಹೊಡೆಯುತ್ತಿದ್ದಾಗ ಒಳಗೆ ಯಂತ್ರ ನಡೆಯುತ್ತಿತ್ತಂತೆ.

"ಆಜ್ಞೆ ಉಲ್ಲಂಘನೆ ಅಂತ ಬರೆದಾರ್ರಿ. ಮೂರು ದಿನದಾಗ ಉತ್ತರ ಕೊಡ್ಬೇಕು. ಪ್ರೊಬೇಷನ್ ಬೇರೆ" ಎಂದಳು. "ರಾತ್ರಿ ಕೂತು ಬರ್ದೀನಿ. ನೀವು ಒಂದ್ಸಲ ನೋಡ್ರಿ."

ಓದಿದೆ. ಎಷ್ಟು ಜನ ಒಪ್ಪಿದರು, ಎಷ್ಟು ಜನ ಒಪ್ಪಲಿಲ್ಲ, ಆ ಹೊತ್ತಿನಲ್ಲಿ ಯಾರ್ಯಾರಿಗೆ ಕರೆಂಟ್ ಕೊಟ್ಟಾಯಿತು, ಎಲ್ಲವನ್ನೂ ಸರಿಯಾಗಿ ಬರೆದಿದ್ದಳು. ಕೊನೆಯಲ್ಲಿ, 'ನನ್ನಿಂದಾದ ತಪ್ಪಿಗೆ ಕ್ಷಮೆ ಕೋರುತ್ತೇನೆ' ಎಂದು ಒಂದು ಸಾಲು.

"ಇದು ಯಾಕ?" ಎಂದೆ.

"ಎಲ್ರೂ ಹಂಗೇ ಬರೀತಾರಲ್ಲ ಸಿಸ್ಟರ್."

"ತಪ್ಪು ಮಾಡೀಯೇನು?"

ಅವಳು ತಾನು ಬರೆದದ್ದನ್ನು ಮೇಲಿನಿಂದ ಇನ್ನೊಮ್ಮೆ ಓದಿದಳು. "ಇಲ್ರಿ" ಎಂದಳು.

ಪೆನ್ನು ಕೊಟ್ಟೆ. ಅವಳು ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದಳು.